ಗೋಡೆಯ ಮೇಲಿನ ಸಂಸಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರು 'ಗೋಡೆಗೆ ಪಟ ತೂಗಿ ನೋಡು' ಎಂಬ ಮೂರನೆಯ ಮಾತೊಂದನ್ನು ಏಕೆ ಸೇರಿಸಲಿಲ್ಲವೋ ಎಂದು ನಾನು ಒಮ್ಮೆ ಬಹಳವಾಗಿ ಆಲೋಚಿಸಿದ್ದುಂಟು. ಅವರಿಗೆ ಆ ತೊಂದರೆಯೇ ಇರಲಿಲ್ಲವೆಂದು ಆಮೇಲೆ ಹೊಳೆಯಿತು. ಅವರ ಕಾಲದಲ್ಲಿ ಪಟಗಳಿಗೆ ಗೊತ್ತಾದ ಸ್ಥಾನವೊಂದಿತ್ತು: ಬಾಗಿಲಿನಿಂದ ಮೇಲೆ, ಸೂರಿನಿಂದ ಕೆಳಗೆ. ಅಲ್ಲಿ ಸಾಲಾಗಿ ಮೊಳೆ ಹೊಡೆದು, ದಾರ ಕಟ್ಟಿ, ಮುಂದಕ್ಕೆ ಬಾಗಿಸಿ ತೂಗಿಬಿಟ್ಟರೆ ಒಂದು ತಲೆಮಾರಿನವರೆಗೆ ಆ ಕಡೆ ಯಾರೂ ಕೈ ಹಾಕುತ್ತಿರಲಿಲ್ಲ.

ಮೈಸೂರಿನ ಚಾಮರಾಜಪುರದಲ್ಲಿದ್ದ ನಮ್ಮ ಹೆಂಚಿನ ಮನೆಯ ನಡುಮನೆಯಲ್ಲಿ ಹೀಗೆ 17 ಪಟಗಳಿದ್ದವು. ಮೊದಲನೆಯವು ಲಕ್ಷ್ಮಿ, ಸರಸ್ವತಿಯರದು. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು, ಅರಮನೆಯ ಚಿತ್ರಗಳಂಥವನ್ನು ಬಡವರ ಮನೆಯ ಗೋಡೆಗೂ ತಂದುಕೊಟ್ಟ ರಾಜಾ ರವಿವರ್ಮನ ಮಾದರಿಯವು. ಅವುಗಳ ಪಕ್ಕದಲ್ಲಿ, ಕಲಬುರ್ಗಿಯ ಎಸ್. ಎಂ. ಪಂಡಿತರು ಬರೆದ ಚಿತ್ರವಿದ್ದ ಕ್ಯಾಲೆಂಡರೊಂದರಿಂದ ಕತ್ತರಿಸಿ ಕಟ್ಟು ಹಾಕಿಸಿದ ಶಿವಪಾರ್ವತಿಯರು. ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರು. ಅವರ ಪಕ್ಕದಲ್ಲಿ ಗಾಂಧೀಜಿ. ಆಮೇಲೆ ನಮ್ಮ ಮುತ್ತಜ್ಜ ಮೊದಲಾದ ಪಿತೃಗಳು. ಕೊನೆಯಲ್ಲಿ ನಮ್ಮ ತಂದೆಯವರ ಹೈಸ್ಕೂಲಿನ ಗುಂಪು ಚಿತ್ರ. ಅದರಲ್ಲಿ ಒಂದೊಂದು ಮುಖವೂ ಸಾಸಿವೆಯ ಕಾಳಿನಷ್ಟು. ಬಾಗಿದ ಪಟಗಳ ಹಿಂದಿನ ಸಂದಿಯಲ್ಲಿ ಗುಬ್ಬಿಗಳು ವರ್ಷಕ್ಕೆರಡು ಬಾರಿ ಸಂಸಾರ ಹೂಡುತ್ತಿದ್ದವು. ಮಹಾರಾಜರ ಹಿಂದಿನ ಗೂಡಿನಿಂದ ಉದುರಿದ ಹುಲ್ಲನ್ನು ಗುಡಿಸುತ್ತ ನಮ್ಮಮ್ಮ ಗೊಣಗುತ್ತಿದ್ದರೇ ಹೊರತು, ಒಮ್ಮೆಯೂ ಗೂಡನ್ನು ಕಿತ್ತವರಲ್ಲ.

2022ರಲ್ಲಿ ಆ ಮನೆಯನ್ನು ಬಿಟ್ಟು, 81 ವರ್ಷದ ಅಮ್ಮನನ್ನು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಕರೆತಂದೆವು. ಪಟಗಳು ಹಳೆಯ ಸೀರೆಗಳಲ್ಲಿ ಸುತ್ತಿಕೊಂಡು, ಕಬ್ಬಿಣದ ಪೆಟ್ಟಿಗೆಯಲ್ಲಿ ಕುಳಿತು ಬಂದವು. ಇಲ್ಲಿ ನಮಗೆ ದೊರೆತದ್ದು ಸೋಫಾದ ಹಿಂದಿನ 11 ಅಡಿಯ ಒಂದೇ ಗೋಡೆ. ಹದಿನೇಳರಲ್ಲಿ ಯಾರು ಗೋಡೆಗೆ, ಯಾರು ಪೆಟ್ಟಿಗೆಗೆ ಎಂಬ ಪ್ರಶ್ನೆ ಎದ್ದಾಗ ಮನೆಯಲ್ಲಿ ಆದ ಚರ್ಚೆಯನ್ನು ನಾನು ವಿವರಿಸಲಾರೆ. ದೇವರುಗಳು ದೇವರ ಮನೆಗೆ ಹೋದರು. ಯಾರ ಗುರುತೂ ಸಿಕ್ಕದ ಇಬ್ಬರು ಪೇಟದ ಹಿರಿಯರು ಪೆಟ್ಟಿಗೆಯಲ್ಲೇ ಉಳಿದರು. ಅವರಲ್ಲಿ ನಮಸ್ಕರಿಸಿ ಕ್ಷಮೆ ಬೇಡಿದ್ದೇನೆ.

ತೂಗುವ ವಿದ್ಯೆಯನ್ನು ಕಲಿಸಿದವಳು ನನ್ನ ಮಗಳು. ಮೊದಲು ಪಟಗಳನ್ನೆಲ್ಲ ನೆಲದ ಮೇಲೆ ಹರಡಿ ಜೋಡಿಸಿ ನೋಡಬೇಕಂತೆ. ಪ್ರತಿಯೊಂದರ ಅಳತೆಗೂ ಹಳೆಯ ವೃತ್ತಪತ್ರಿಕೆಯನ್ನು ಕತ್ತರಿಸಿ, ಆ ಕಾಗದಗಳನ್ನು ಗೋಡೆಗೆ ಅಂಟಿಸಿ, ಎರಡು ದಿನ ಕಣ್ಣಿಗೆ ಒಗ್ಗುವುದೋ ಇಲ್ಲವೋ ಪರೀಕ್ಷಿಸಬೇಕು. ಪಟಕ್ಕೂ ಪಟಕ್ಕೂ 2 ಅಂಗುಲದ ಅಂತರ. ದೊಡ್ಡ ಪಟಕ್ಕೆ ಒಂದರ ಬದಲು ಎರಡು ಮೊಳೆ. ಇಲ್ಲವಾದರೆ ಬಾಗಿಲು ಬಡಿದಾಗಲೆಲ್ಲ ವಾಲುತ್ತದೆ. ಬಿಸಿಲು ಬೀಳುವ ಗೋಡೆಯಾಗಲಿ, ತೇವದ ಗೋಡೆಯಾಗಲಿ ಕೂಡದು. ತೇವ ತಾಕಿದರೆ ಭಾವಚಿತ್ರವು ಗಾಜಿಗೆ ಅಂಟಿಕೊಂಡು, ಬಿಡಿಸಹೋದರೆ ಮುಖವೇ ಕಿತ್ತುಬರುತ್ತದೆ. ಆದುದರಿಂದ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸುವುದು ಕ್ಷೇಮ. ಇವೆಲ್ಲಕ್ಕೂ ಮೇಲಾದ ನಿಯಮವೆಂದರೆ, ಇಡೀ ಸಮೂಹದ ನಡುಮಧ್ಯವು ನೆಲದಿಂದ 57 ಅಂಗುಲದ ಎತ್ತರದಲ್ಲಿರಬೇಕು; ಅದು ನಿಂತವರ ಕಣ್ಣಿನ ಮಟ್ಟ.

"ನಮ್ಮ ಹಿಂದಿನವರು ಇದನ್ನು ಅರಿಯದೆ ಎಲ್ಲರನ್ನೂ ಆಕಾಶಕ್ಕೇರಿಸಿಬಿಟ್ಟಿದ್ದರು. ಅಷ್ಟು ವರ್ಷ ಯಾರು ಅವರ ಮುಖ ನೋಡಿದ್ದಾರು!" ಎಂದು ನಾನು ನಕ್ಕೆ. ಅಮ್ಮ ತಮ್ಮ ಕುರ್ಚಿಯಲ್ಲಿ ಕುಳಿತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ.

ಗೋಡೆಯ ನಡುವೆ ಇದ್ದದ್ದು ನಮ್ಮ ತಂದೆಯವರ ಪಟ. ಅವರಿಗೆ ಕ್ಯಾಮರಾ ಎಂದರೆ ಸಂಕೋಚ. 1994ರಲ್ಲಿ, 58ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ದೊಡ್ಡದು ಮಾಡಿಸಲು ತಕ್ಕ ಚಿತ್ರ ಒಂದೂ ಸಿಕ್ಕದೆ, 1961ರ ಮದುವೆಯ ಚಿತ್ರವನ್ನೇ ಸ್ಟುಡಿಯೋಗೆ ಒಯ್ದಿದ್ದೆವು. ಅಲ್ಲಿಯ ಕಲಾವಿದರು ಪಕ್ಕದಲ್ಲಿದ್ದ ಅಮ್ಮನನ್ನು ಕುಂಚದಿಂದ ಅಳಿಸಿ, ತಂದೆಯವರ ಕೊರಳ ಹೂವಿನ ಹಾರದ ಮೇಲೆ ಕೋಟನ್ನು ಬರೆದು, ಹನ್ನೊಂದು ದಿನಗಳೊಳಗೆ ತಂದುಕೊಟ್ಟರು. ನಾವು ಅದಕ್ಕೆ ಗಂಧದ ಹಾರ ಹಾಕಿದೆವು. ಮೂಲ ಚಿತ್ರವನ್ನು ಮಾತ್ರ ಹಿರಿಯರೊಬ್ಬರ ಮಾತಿನಂತೆ ಪೆಟ್ಟಿಗೆಯೊಳಗಿಟ್ಟೆವು. ಒಬ್ಬರು ಇಲ್ಲ, ಒಬ್ಬರು ಇದ್ದಾರೆ. ಅಂಥ ಪಟಕ್ಕೆ ಹಾರ ಹಾಕುವಂತೆಯೂ ಇಲ್ಲ, ಹಾಕದಿರುವಂತೆಯೂ ಇಲ್ಲ ಎಂಬುದು ಅವರ ಧರ್ಮಸೂಕ್ಷ್ಮ.

ಡ್ರಿಲ್ ಯಂತ್ರದವನು ಬಂದು, ಕಾಂಕ್ರೀಟನ್ನು ಕೊರೆದು, ಧೂಳೆಬ್ಬಿಸಿ ಹೋದ. ಪಟಗಳು ಏರಿದವು. ನೆರೆಹೊರೆಯವರು ಬಂದು ನೋಡಿ ಮೆಚ್ಚಿದರು. ನಾನೂ ಊಟವಾದ ಮೇಲೆ ದೂರದಿಂದ, ಹತ್ತಿರದಿಂದ, ಓರೆಯಾಗಿ ನೋಡಿ ತೃಪ್ತಿಪಟ್ಟೆ. ನಾಲ್ಕು ದಿನ ಕಳೆದರೂ ಅಮ್ಮನಿಂದ ಒಂದು ಮಾತೂ ಬರಲಿಲ್ಲ. ಕೊನೆಗೆ ನಾನೇ ಕೇಳಿದೆ.

"ಚೆನ್ನಾಗಿದೆ ಕಣೋ," ಎಂದರು. "ಆದರೆ ನನಗೆ ಇಲ್ಲಿಂದ ಬರೀ ಕಿಟಕಿ ಕಾಣುತ್ತೆ."

ಅವರ ಮಾತು ನನಗೆ ತಿಳಿಯಲಿಲ್ಲ. ಮಂಡಿನೋವಿನಿಂದಾಗಿ ಅವರು ಬೆಳಗಿನಿಂದ ಸಂಜೆಯವರೆಗೆ ಆ ತಗ್ಗಾದ ಕುರ್ಚಿಯಲ್ಲಿಯೇ ಇರುತ್ತಾರೆ. ಅವರು ಒಳಗೆ ಹೋದಾಗ ನಾನು ಅದರಲ್ಲಿ ಕುಳಿತು ನೋಡಿದೆ. ಎದುರಿನ ಕಿಟಕಿಯ ಬೆಳಕು ಗೋಡೆಗೆ ಚಪ್ಪಟೆಯಾಗಿ ಅಂಟಿದ್ದ ಗಾಜುಗಳ ಮೇಲೆ ಬಿದ್ದು, ಮಹಾರಾಜರಿರಲಿಲ್ಲ, ಗಾಂಧೀಜಿಯಿರಲಿಲ್ಲ, ತಂದೆಯವರಿರಲಿಲ್ಲ. ಒಂದೊಂದು ಚೌಕಟ್ಟಿನಲ್ಲಿಯೂ ಕಿಟಕಿಯ ಸರಳುಗಳಷ್ಟೇ ನಿಂತಿದ್ದವು.

"ಆ ಮನೆಯಲ್ಲಿ ಚೆನ್ನಾಗಿ ಕಾಣುತ್ತಿತ್ತು," ಎಂದರು ಅಮ್ಮ, ಹಿಂದಿರುಗಿ ಬಂದು. "ನೆಲದ ಮೇಲೆ ಕೂತು ಅಕ್ಕಿ ಆರಿಸುತ್ತ, ಅವರೆಕಾಳು ಹಿದುಕುತ್ತ ತಲೆ ಎತ್ತಿದರೆ ಎಲ್ಲರೂ ಬಗ್ಗಿ ನನ್ನನ್ನೇ ನೋಡುತ್ತಿದ್ದರು."

ನನ್ನ ನಗೆಯೆಲ್ಲ ನನಗೇ ಹಿಂದಿರುಗಿತು. ಪಟಗಳನ್ನು ಮುಂದಕ್ಕೆ ಬಾಗಿಸಿದ್ದು ಅಜ್ಞಾನದಿಂದಲ್ಲ. ನೆಲದ ಮೇಲೆ ಕುಳಿತು ಬಾಳಿದವರ ಕಣ್ಣಿಗಾಗಿ. ಬಾಗಿದ ಗಾಜು ಎದುರಿನ ಕಿಟಕಿಯನ್ನು ಬಿಟ್ಟು ನೆಲವನ್ನು ಪ್ರತಿಬಿಂಬಿಸುತ್ತದೆ; ಮುಖವನ್ನು ಮರೆಮಾಡುವುದಿಲ್ಲ. ಓಡಾಡುತ್ತಿದ್ದ ನಾವು ಗಂಡಸರು ತಲೆ ಎತ್ತದೆ ಹೋದೆವು. ಕುಳಿತು ಕೆಲಸ ಮಾಡಿದ ಹೆಂಗಸರು ದಿನವೂ ನೋಡಿದರು.

"ಅಪ್ಪನ ಪಟವನ್ನೂ ನೋಡುತ್ತಿದ್ದೆಯಾ?" ಎಂದೆ.

"ನೋಡದೆ? ಅವರ ತೋಳಿನ ಪಕ್ಕದಲ್ಲಿ ನನ್ನ ಧಾರೆ ಸೀರೆಯ ಜರಿ ಅಂಚು ಬೆರಳಗಲ ಉಳಿದುಬಿಟ್ಟಿದೆ. ಬರೆದವನಿಗೆ ಅದು ಕಾಣಲಿಲ್ಲ, ಪಾಪ."

ನಾನು ಎದ್ದು ಹೋಗಿ ನೋಡಿದೆ. ಇತ್ತು. ಇಪ್ಪತ್ತೆಂಟು ವರ್ಷ ಆ ಪಟಕ್ಕೆ ಕೈಮುಗಿದ ನನಗೆ ಅದು ಕೋಟಿನ ನೆರಳಾಗಿತ್ತು. ಅಮ್ಮನಿಗೆ, ಗಂಡನ ಪಕ್ಕದಲ್ಲಿ ತನಗೆ ಉಳಿದಿದ್ದ ಸ್ಥಳ ಅಷ್ಟೇ ಆಗಿತ್ತು.

ಮರುದಿನವೇ ಪೆಟ್ಟಿಗೆಯನ್ನು ತೆರೆದೆ. ಮದುವೆಯ ಚಿತ್ರದ ಒಂದು ಮೂಲೆ ಗೆದ್ದಲಿಗೆ ಹೋಗಿತ್ತು, ಮುಖಗಳೆರಡೂ ನೆಟ್ಟಗಿದ್ದವು. ಕಟ್ಟು ಹಾಕಿಸಿ ತಂದು, ಕಿಟಕಿಯ ಬೆಳಕು ಬೀಳದ ಪಕ್ಕದ ಗೋಡೆಯಲ್ಲಿ, ಅಮ್ಮನ ಕುರ್ಚಿಯ ಎದುರಿಗೆ, 42 ಅಂಗುಲದ ಎತ್ತರದಲ್ಲಿ ತೂಗುಹಾಕಿದೆ. ಉಳಿದ ಪಟಗಳಿಗೆ ಹಿಂದಿನಂತೆ ಉದ್ದದ ದಾರ ಕಟ್ಟಿ, ಮುಂದಕ್ಕೆ ಬಾಗಿಸಿದೆ. ಮೊದಲಿನ ಮೊಳೆಯ ತೂತುಗಳಿಗೆ ಬಿಳಿಯ ಪುಟ್ಟಿ ತುಂಬಿದ್ದೇನೆ, ಕಾಣುತ್ತವೆ, ಕಾಣಲಿ. ಮಗಳ ಲೆಕ್ಕದಲ್ಲಿ ಗೋಡೆ ಕೆಟ್ಟಿದೆ. ಆದರೂ ಅವಳೇ ದಾರ ಹಿಡಿದು ನಿಂತಳು.

ಮೊನ್ನೆ ಬಂದ ನೆಂಟರೊಬ್ಬರು ಮದುವೆಯ ಚಿತ್ರವನ್ನು ಬಗ್ಗಿ ನೋಡಿ, "ತೀರಿಕೊಂಡವರಿಗೆ ಹಾರ ಬೇಡವೇ?" ಎಂದರು.

"ಸರಿಯಾಗಿ ನೋಡಿ," ಎಂದರು ಅಮ್ಮ, ಕುರ್ಚಿಯಿಂದಲೇ. "ಇಬ್ಬರ ಕೊರಳಲ್ಲೂ ಇದೆಯಲ್ಲ."