ಪರೀಕ್ಷೆಗೆ ಹೋಗುವ ದಾರಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬುದು ನಾವೆಲ್ಲರೂ ಬಲ್ಲ ಗಾದೆ. ಇಂಗ್ಲೆಂಡಿನ ಮೋಟಾರು ಕಾಯಿದೆಯ ಪರಿಚಯವಾದಾಗ ನನಗೆ ಮೊದಲು ನೆನಪಾದುದು ಇದೇ. ಅಲ್ಲಿ ಕಾರಿಗೆ ಮೂರು ವರ್ಷ ತುಂಬಿತೆಂದರೆ ವರ್ಷಕ್ಕೊಮ್ಮೆ ಅದನ್ನು ಪರೀಕ್ಷೆಗೆ ಒಪ್ಪಿಸಬೇಕು. ತೇರ್ಗಡೆಯಾಗದ ಕಾರಿನ ತೆರಿಗೆಯನ್ನು ಸರಕಾರ ಸ್ವೀಕರಿಸದು. ತೆರಿಗೆ ತೆರದ ಕಾರು ರಸ್ತೆಗೆ ಇಳಿಯಬಾರದು. ರಸ್ತೆಗೆ ಇಳಿಯದೆ ಪರೀಕ್ಷೆಯ ಸ್ಥಳವನ್ನು ಮುಟ್ಟುವುದೆಂತು?

ಈ ಪರೀಕ್ಷೆ ೧೯೬೦ರಲ್ಲಿ, ಅರ್ನೆಸ್ಟ್ ಮಾರ್ಪಲ್ಸ್ ಸಾರಿಗೆ ಮಂತ್ರಿಯಾಗಿದ್ದಾಗ, ಹತ್ತು ವರ್ಷ ಕಳೆದ ವಾಹನಗಳಿಗೆಂದು ಆರಂಭವಾಯಿತು. ೧೯೬೭ರಲ್ಲಿ ಆ ಅವಧಿ ಮೂರು ವರ್ಷಕ್ಕೆ ಇಳಿಯಿತು. ಸಾರಿಗೆ ಮಂತ್ರಾಲಯದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಜನರು ಅದನ್ನು ಎಂ.ಓ.ಟಿ. ಎಂದು ಕರೆದರು. ಆ ಹೆಸರಿನ ಮಂತ್ರಾಲಯ ಈಗಿಲ್ಲ; ಪರೀಕ್ಷೆಯ ಹೆಸರು ಮಾತ್ರ ಉಳಿದಿದೆ.

ಮೇಲೆ ಹೇಳಿದ ಗಂಟನ್ನು ಕಾಯಿದೆಯೇ ಬಿಡಿಸಿಕೊಟ್ಟಿದೆ. ಮುಂಚಿತವಾಗಿ ದಿನ ಮತ್ತು ವೇಳೆಯನ್ನು ಗೊತ್ತುಮಾಡಿಕೊಂಡು, ಕೇವಲ ಪರೀಕ್ಷೆಗಾಗಿಯೇ ಹೊರಟ ಕಾರಿಗೆ, ಪ್ರಮಾಣಪತ್ರವಿಲ್ಲದಿದ್ದರೂ ತೆರಿಗೆ ಸಲ್ಲದಿದ್ದರೂ ದಾರಿ ಉಂಟು. ತೇರ್ಗಡೆಯಾಗದಿದ್ದರೆ, ಅದೇ ರೀತಿ ಗೊತ್ತುಮಾಡಿಕೊಂಡು ದುರಸ್ತಿಯ ಸ್ಥಳಕ್ಕೂ ಒಯ್ಯಬಹುದು. ಆದರೆ ವಿಮೆಯಿಂದ ವಿನಾಯಿತಿಯಿಲ್ಲ. ಅಪಾಯಕರವಾದ ಕಾರನ್ನು ನಡೆಸುವುದಕ್ಕೂ ಅಪ್ಪಣೆಯಿಲ್ಲ. ಕಾಯಿದೆ ಮನ್ನಿಸುವುದು ಕಾಗದದ ಕೊರತೆಯನ್ನು, ಬ್ರೇಕಿನ ಕೊರತೆಯನ್ನಲ್ಲ.

೨೦೧೯ರಲ್ಲಿ ನಾನು ಆ ದೇಶದ ಒಂದು ಹಳ್ಳಿಯಲ್ಲಿ ಕೆಲವು ತಿಂಗಳು ಇದ್ದೆ. ನೆರೆಮನೆಯ ವೃದ್ಧರ ಪತ್ನಿ ತೀರಿಕೊಂಡ ಮೇಲೆ ಅವರ ಕಾರು ಎರಡು ವರ್ಷ ಕೊಟ್ಟಿಗೆಯಲ್ಲಿಯೇ ನಿಂತಿತ್ತು. ಅದನ್ನು ರಸ್ತೆಗೆ ತರುವುದಿಲ್ಲವೆಂದು ಅವರು ಸರಕಾರಕ್ಕೆ ತಿಳಿಸಿದ್ದರು. ಊರಿಗೆ ಬರುತ್ತಿದ್ದ ಬಸ್ಸು ನಿಂತುಹೋದಾಗ ಕಾರಿನ ಹೊರತು ಬೇರೆ ಗತಿಯಿಲ್ಲದಾಯಿತು. ಅವರು ಹೊಸ ಬ್ಯಾಟರಿ ಹಾಕಿಸಿದರು; ವಿಮೆ ಮಾಡಿಸಿದರು; ಬ್ರೇಕು, ದೀಪಗಳನ್ನು ಪರಿಶೀಲಿಸಿದರು; ಟೈರಿನ ಗೀರುಗಳ ಆಳ ಕಾಯಿದೆ ಹೇಳುವ ೧.೬ ಮಿಲಿಮೀಟರಿಗಿಂತ ಕಡಮೆಯಿಲ್ಲವೆಂದು ಅಳೆದು ನೋಡಿದರು. ವೇಳೆ ಗೊತ್ತಾದುದರ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಅಲ್ಲಿನ ರಸ್ತೆಗಳಲ್ಲಿ ಕಾರಿನ ಸಂಖ್ಯೆಯನ್ನು ಓದುವ ಕ್ಯಾಮೆರಾಗಳಿವೆ. ಪೋಲೀಸರು ತಡೆದರೆ ತೋರಿಸಲು ಇದ್ದ ಆಧಾರ ಆ ಕಾಗದವೊಂದೆ.

ಅದೇ ಜೇಬಿನಲ್ಲಿ ಮಗಳಿಗೆ ಬರೆದ ಪತ್ರವೂ ಇತ್ತು. ದಾರಿಯಲ್ಲಿ ಕೆಂಪು ಅಂಚೆಪೆಟ್ಟಿಗೆ ಸಿಕ್ಕಿತು. ಅವರು ಅದನ್ನು ನೋಡಿದರು, ಗಾಡಿ ನಿಲ್ಲಿಸಲಿಲ್ಲ. “ನಮ್ಮನ್ನು ಬಿಟ್ಟಿರುವುದು ಪರೀಕ್ಷೆಗೆ, ಅಂಚೆಗಲ್ಲ” ಎಂದರು. ನೋಡುವವರು ಯಾರೂ ಇರಲಿಲ್ಲ. ಮುಕ್ಕಾಲು ಗಂಟೆಯ ತಪಾಸಣೆಯಲ್ಲಿ ಕಾರು ತೇರ್ಗಡೆಯಾಯಿತು. ಅವರು ಅಲ್ಲಿಯೇ ನಿಂತು ದೂರವಾಣಿಯ ಮೂಲಕ ತೆರಿಗೆ ಸಲ್ಲಿಸಿದರು. ಹಿಂದಿರುಗುವಾಗ ಅದೇ ಪೆಟ್ಟಿಗೆಯ ಬಳಿ ಗಾಡಿಯನ್ನು ನಿಲ್ಲಿಸಿ, ಇಳಿದು, ಪತ್ರವನ್ನು ಹಾಕಿದರು.

ಪರೀಕ್ಷೆ ಎಂಬ ಮಾತು ಉಪಾಧ್ಯಾಯರಾದ ನಮಗೆ ದಿನನಿತ್ಯದ್ದು. ನಡುವೆ ಶಾಲೆ ಬಿಟ್ಟ ಹುಡುಗನೊಬ್ಬ ಎರಡು ವರ್ಷಗಳ ಮೇಲೆ ಬಂದು, ಪರೀಕ್ಷೆಗೆ ಕೂರುತ್ತೇನೆ ಎಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವನ ಕೈಯಲ್ಲಿ ಪತ್ರವಿಲ್ಲ. ಪತ್ರವಿಲ್ಲವೆಂಬುದೂ ಯೋಗ್ಯತೆಯಿಲ್ಲವೆಂಬುದೂ ಒಂದೇ ಎಂದು ಬಗೆದು ನಾವು ಅವನನ್ನು ಬಾಗಿಲಿಂದಲೇ ಹಿಂದಕ್ಕೆ ಕಳುಹಿಸಿದರೆ, ಅವನು ಆ ಪತ್ರವನ್ನು ಪಡೆಯುವುದು ಯಾವ ದಾರಿಯಿಂದ? ಮೋಟಾರು ಗಾಡಿಗೇ ಒಂದು ದಾರಿಯನ್ನು ಬಿಟ್ಟುಕೊಟ್ಟಿರುವಾಗ, ಮಗುವಿಗೆ ಬಿಡಲಾಗದೆ? ಹೋಗಬೇಕಾದ ದಿನವನ್ನೂ ವೇಳೆಯನ್ನೂ ಅವನಿಗೆ ಗೊತ್ತುಮಾಡಿಕೊಡೋಣ. ಸಿದ್ಧತೆಯಲ್ಲಿ ರಿಯಾಯಿತಿ ಬೇಡ. ಅಷ್ಟು ಮಾಡಿದರೆ ಉಳಿದ ದಾರಿಯನ್ನು ಅವನೇ ನಡೆದಾನು.