ಹೆಗಲು ಮುರಿದಾಗ

ಚಮಚದ ಮೇಲೆ ನಿಂಬೆಹಣ್ಣಿಟ್ಟುಕೊಂಡು ಓಡುವ ಮಕ್ಕಳ ಪಂದ್ಯವನ್ನು ನೋಡದವರಾರು? ಹೆಗಲಿನ ಕೀಲಿನ ರಚನೆಯೂ ಹೆಚ್ಚುಕಡಿಮೆ ಅಂತಹುದೇ. ತೋಳೆಲುಬಿನ ಗುಂಡನೆಯ ತಲೆ ದೊಡ್ಡದು. ಅದು ಆತುಕೊಂಡಿರುವ ಬಟ್ಟಲು ಕಿರಿದು, ಆಳವಿಲ್ಲದ್ದು. ಜಾರದಂತೆ ಹಿಡಿದಿಡುವ ಹೊಣೆ ಸುತ್ತಣ ಸ್ನಾಯುಗಳದು. ಈ ಸಡಿಲವೇ ಹೆಗಲಿನ ಸಿರಿ. ಅಟ್ಟದ ಡಬ್ಬಿಗೂ ಬೆನ್ನ ಹಿಂದಿನ ಗುಂಡಿಗೂ ಕೈ ಎಟುಕುವುದು ಇದರಿಂದಲೇ. ಮುರಿದಾಗ ತೊಡಕು ಹೆಚ್ಚುವುದೂ ಇದರಿಂದಲೇ.

ಎಲುಬು ಟೊಳ್ಳಾದ ವೃದ್ಧೆಯೊಬ್ಬಳು ಬಚ್ಚಲಿನಲ್ಲಿ ಜಾರಿ ಕೈಯೂರಿದಳೆನ್ನಿ. ತೋಳೆಲುಬು ತಲೆಯ ಕೆಳಗೆ ಮುರಿಯಿತು. "ಆಪರೇಷನ್ ಮಾಡಿಸಿದರೆ ಮೊದಲಿನಂತಾಗುವುದಲ್ಲವೇ, ಡಾಕ್ಟರೇ?" ಇದು ಮಕ್ಕಳ ಮೊದಲ ಪ್ರಶ್ನೆ. ಹಣ ಖರ್ಚುಮಾಡದ ಮಗ ತಾಯಿಯನ್ನು ಕಡೆಗಣಿಸಿದವನೆಂಬ ಅಂಜಿಕೆ ಆ ಪ್ರಶ್ನೆಯ ಬೆನ್ನಿಗಿರುತ್ತದೆ.

ಲೋಹದ ಪಟ್ಟಿ, ತಿರುಪುಗಳಿಂದ ಚೂರುಗಳನ್ನು ಜೋಡಿಸಬಹುದು, ನಿಜ. ಆದರೆ ಟೊಳ್ಳು ಎಲುಬಿನಲ್ಲಿ ತಿರುಪು ಹಿಡಿತ ತಪ್ಪಿ ಕೀಲಿನೊಳಗೆ ಚುಚ್ಚಬಹುದು. ರಕ್ತದ ಹರಿವು ಕಡಿದು ಎಲುಬಿನ ತಲೆ ತಿಂಗಳುಗಳ ಮೇಲೆ ಕುಸಿಯಬಹುದು. ಪಕ್ಕದಲ್ಲೇ ಸುತ್ತಿಬರುವ ನರಕ್ಕೆ ಪೆಟ್ಟಾಗಬಹುದು, ಗಾಯ ಕೀವಾಗಬಹುದು, ಎರಡನೆಯ ಶಸ್ತ್ರಚಿಕಿತ್ಸೆಯೂ ಬೇಕಾಗಬಹುದು.

ಬ್ರಿಟನ್ನಿನ 32 ಆಸ್ಪತ್ರೆಗಳಲ್ಲಿ ಇಂತಹ 250 ರೋಗಿಗಳನ್ನು ಎರಡು ಗುಂಪುಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆಯನ್ನೂ ಇನ್ನೊಂದಕ್ಕೆ ಕೈಯನ್ನು ಕೊರಳಿಗೆ ತೂಗುಹಾಕುವ ಬಟ್ಟೆಯ ಉಪಚಾರವನ್ನೂ ಗೊತ್ತುಮಾಡಿ ನೋಡಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಅವಧಿಯಲ್ಲಿ ಕೈಯ ಉಪಯೋಗದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವಂತಹ ಅಂತರ ಕಾಣಲಿಲ್ಲ.

ಹಾಗೆಂದು ಚಾಕುವೇ ಬೇಡವೆಂದಲ್ಲ. ಗುಂಡು ಬಟ್ಟಲಿನಿಂದ ಜಾರಿಹೋಗಿದ್ದರೆ, ಎಲುಬು ಚರ್ಮ ಸೀಳಿ ಹೊರಬಂದಿದ್ದರೆ ಶಸ್ತ್ರವೈದ್ಯನೇ ಗತಿ. ತಲೆ ನುಚ್ಚುನೂರಾದ ವೃದ್ಧರಿಗೆ ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ಬಳಕೆಗೆ ತಂದ ತಿರುವುಮುರುವು ಕೀಲು ನೆರವಾಗುತ್ತದೆ. ಅಲ್ಲಿ ಬಟ್ಟಲಿದ್ದೆಡೆ ಗುಂಡು, ಗುಂಡಿದ್ದೆಡೆ ಬಟ್ಟಲು. ಒಳಸ್ನಾಯುಗಳು ಹರಿದಿದ್ದರೂ ಹೆಗಲಿನ ಹೊರಸ್ನಾಯು ಕೈಯನ್ನು ಎತ್ತಬಲ್ಲದು.

ಯಾವ ದಾರಿ ಹಿಡಿದರೂ ತಪ್ಪದ್ದು ವ್ಯಾಯಾಮ. ವೈದ್ಯರು ಹೇಳಿದ ದಿನದಿಂದ ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಬೇಕು. ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ಏರಿಸಬೇಕು. ನೋವಿಗೆ ಹೆದರಿ ಸುಮ್ಮನಿಟ್ಟ ಹೆಗಲು ಬಿಗಿದುಕೊಳ್ಳುತ್ತದೆ.

"ಅಮ್ಮಾ, ಎಕ್ಸ್‌ರೇಯಲ್ಲಿ ಎಲುಬು ಸೊಗಸಾಗಿ ಕೂಡಿದೆಯಂತೆ" ಎಂದು ಮಗ ಹಿಗ್ಗಿದರೆ, "ಕೂಡಿರಬಹುದಪ್ಪಾ, ಕೈ ತುರುಬಿಗೆ ಎಟುಕುವುದಿಲ್ಲವಲ್ಲ!" ಎಂದು ತಾಯಿ ಹೇಳುವುದುಂಟು. ಆದ್ದರಿಂದ ಮಗ ವೈದ್ಯರನ್ನು ಮೊದಲೇ ಕೇಳಬೇಕಾದ ಮಾತು ಎಲುಬು ಕೂಡುವುದೇ ಎಂಬುದಷ್ಟೇ ಅಲ್ಲ. ತಾಯಿ ತನ್ನ ತಲೆ ತಾನೇ ಬಾಚಿಕೊಳ್ಳುವಂತಾಗಲು ಯಾವ ದಾರಿ ಮೇಲು ಎಂಬುದು. ವೈದ್ಯರು "ಚಾಕು ಬೇಡ" ಎಂದರೆ ಅದೂ ಚಿಕಿತ್ಸೆಯೇ. ಆಮೇಲೆ ದಿನವೂ ಬಳಿಯಲ್ಲಿ ನಿಂತು ವ್ಯಾಯಾಮ ಮಾಡಿಸುವ ಮಗ, ಹಣ ಸುರಿದ ಮಗನಿಗಿಂತ ಕಡಮೆಯವನಲ್ಲ.