ಪ್ರಯೋಗಾಲಯದ ಅಂಗಳದಲ್ಲಿ ಮಠದ ಮಣ್ಣು

ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದ ನಡುಮಧ್ಯೆ ಫ್ರೀ ಸ್ಕೂಲ್ ಲೇನ್ ಎಂಬ ಇಕ್ಕಟ್ಟಾದ ಓಣಿಯೊಂದಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಒಂದು ಬಗೆಯ ಯಾತ್ರಾಸ್ಥಳ. 1874ರಲ್ಲಿ ಕ್ಯಾವೆಂಡಿಶ್ ಪ್ರಯೋಗಾಲಯ ತೆರೆದದ್ದು ಈ ಓಣಿಯಲ್ಲಿ. ಜೆ.ಜೆ. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಪತ್ತೆಹಚ್ಚಿದ್ದು ಇಲ್ಲಿ. ನಮ್ಮ ಹೋಮಿ ಭಾಭಾ ತಾರುಣ್ಯದಲ್ಲಿ ಸಂಶೋಧನೆ ಮಾಡಿದ್ದೂ ಇಲ್ಲಿಯೇ. ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಡಿ.ಎನ್.ಎ.ಯ ರಚನೆಯನ್ನು ಬಿಡಿಸಿದ ಮೇಲೆ ಪಕ್ಕದ ಬೀದಿಯ ಈಗಲ್ ಪಾನಗೃಹಕ್ಕೆ ಹೋಗಿ ಸುದ್ದಿ ಸಾರಿದ ಕಥೆಯನ್ನು ಊರಿನವರು ಈಗಲೂ ಹೇಳುತ್ತಾರೆ. ಕ್ಯಾವೆಂಡಿಶ್ 1974ರಲ್ಲಿ ಪಟ್ಟಣದ ಪಶ್ಚಿಮ ಅಂಚಿಗೆ ವಲಸೆ ಹೋಯಿತು. ಹಳೆಯ ಕಟ್ಟಡಗಳು ಉಳಿದವು. ಅವುಗಳ ಸುತ್ತಲಿನ ನೆಲದೊಳಗೆ ಅದಕ್ಕಿಂತ ಬಹಳ ಮುಂಚೆ ಬಂದವರು ಮಲಗಿದ್ದರು.

ಹದಿಮೂರನೆಯ ಶತಮಾನದ ಕೊನೆಯ ಹೊತ್ತಿಗೆ ಅಗಸ್ಟೀನಿಯನ್ ಪಂಥದ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿಕೊಂಡರು. ಇವರು ಊರಾಚೆ ಗದ್ದೆ ತೋಟಗಳ ನಡುವೆ ಬಾಗಿಲು ಹಾಕಿಕೊಂಡು ಜಪತಪ ಮಾಡುವ ಜಾತಿಯವರಲ್ಲ. ಪೇಟೆಯೊಳಗೇ ಇದ್ದು, ಭಿಕ್ಷೆ ಎತ್ತಿ, ಬೋಧನೆ ಮಾಡುವವರು. ಕೋರಾನ್ನಕ್ಕೆ ಜೋಳಿಗೆ ಹಿಡಿದು ಬರುವ ಜಂಗಮರನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವಿದ್ಯಾಪೀಠದ ಊರಾದ್ದರಿಂದ ಇಲ್ಲಿಯ ಸನ್ಯಾಸಿಗಳು ಓದುಬರಹದಲ್ಲೂ ಮುಂದಿದ್ದರು. ಮಠದ ಹಿರಿಯನಾಗಿದ್ದ ರಾಬರ್ಟ್ ಬಾರ್ನ್ಸ್ 1525ರ ಕ್ರಿಸ್ಮಸ್ ಮುನ್ನಾದಿನ ಚರ್ಚಿನ ದೊಡ್ಡವರನ್ನು ಝಾಡಿಸಿ ಪ್ರವಚನ ಮಾಡಿ ಸಂಕಷ್ಟಕ್ಕೆ ಸಿಕ್ಕಿದ. ಕೊನೆಗೆ 1540ರಲ್ಲಿ ಅವನನ್ನು ಸಜೀವ ಸುಟ್ಟರು. ಅದೇ ಮಠದಲ್ಲಿದ್ದ ಮೈಲ್ಸ್ ಕವರ್‌ಡೇಲ್ 1535ರಲ್ಲಿ ಮೊದಲ ಸಂಪೂರ್ಣ ಇಂಗ್ಲಿಷ್ ಬೈಬಲನ್ನು ಅಚ್ಚು ಹಾಕಿಸಿದ.

ಎಂಟನೆಯ ಹೆನ್ರಿಯ ಆಜ್ಞೆಯಂತೆ 1538ರಲ್ಲಿ ಮಠ ಮುಚ್ಚಿತು. 1762ರಲ್ಲಿ ಆ ಜಾಗ ವಿಶ್ವವಿದ್ಯಾಲಯದ ಸಸ್ಯೋದ್ಯಾನವಾಯಿತು, ಆಮೇಲಿನ ಶತಮಾನದಲ್ಲಿ ವಸ್ತುಸಂಗ್ರಹಾಲಯ, ಪ್ರಯೋಗಾಲಯಗಳಾದವು. 2016ರಿಂದ 2019ರವರೆಗೆ ವಿಶ್ವವಿದ್ಯಾಲಯ ಇಲ್ಲಿ ಹೊಸ ಕಟ್ಟಡದ ಕೆಲಸ ಹಿಡಿದಾಗ ಅದರದೇ ಪುರಾತತ್ವ ಘಟಕದವರು ನೆಲ ಬಗೆದರು. ಸಮಾಧಿಗಳು ಹೊರಬಂದವು.

ಮಠದ ನೆಲದಲ್ಲಿ ಸನ್ಯಾಸಿಗಳಷ್ಟೇ ಅಲ್ಲ, ದಾನ ಕೊಟ್ಟು ಅಲ್ಲಿ ಮಣ್ಣಾಗುವ ಪುಣ್ಯ ಸಂಪಾದಿಸಿದ ಊರಿನ ಸ್ಥಿತಿವಂತರೂ ಇದ್ದರು. ಮೂಳೆ ನೋಡಿ ಕಾವಿ ಯಾರದು, ಕಾಂಚಾಣ ಯಾರದು ಎಂದು ಹೇಳುವುದು ಹೇಗೆ? ಉಪಾಯ ಸರಳವಾಗಿತ್ತು. ಈ ಪಂಥದವರು ಸತ್ತಾಗ ನಿಲುವಂಗಿಯ ಜೊತೆ ನಡುಪಟ್ಟಿಯನ್ನೂ ಕಟ್ಟಿಯೇ ಹೂಳುತ್ತಿದ್ದರು. ಬಟ್ಟೆ ಕರಗಿ ಹೋಗಿ, ಪಟ್ಟಿಯ ಬಕ್ಕಲ್ಲು ಮಾತ್ರ ಸೊಂಟದ ಬಳಿ ಉಳಿದಿತ್ತು. ಅದೇ ಗುರುತಿನ ಚೀಟಿ.

ಇನ್ನು ಆ ಮೂಳೆಗಳು ಹೇಳಿದ ಸುದ್ದಿ. ಸನ್ಯಾಸಿಗಳ ಮಠದಲ್ಲಿ ಪ್ರತ್ಯೇಕ ಪಾಯಖಾನೆ, ಕೈ ತೊಳೆಯಲು ನೀರಿನ ಅನುಕೂಲ ಇರುವುದು ರೂಢಿ. ಊರಿನ ಬಡವರಿಗೆ ಮನೆಯ ಹಿಂದಿನ ಗುಂಡಿಯೇ ಗತಿ. ಹಾಗಾದರೆ ಹೊಟ್ಟೆಯಲ್ಲಿ ಜಂತುಹುಳು ಯಾರಿಗೆ ಹೆಚ್ಚಿರಬೇಕು? ಕೇಂಬ್ರಿಜ್ಜಿನ ಪಿಯರ್ಸ್ ಮಿಚೆಲ್ ಮತ್ತು ಸಂಗಡಿಗರು ಅಸ್ಥಿಪಂಜರಗಳ ಸೊಂಟದ ಭಾಗದ ಮಣ್ಣನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹುಳುಗಳ ಮೊಟ್ಟೆ ಹುಡುಕಿದರು. 2022ರಲ್ಲಿ ಪ್ರಕಟವಾದ ಲೆಕ್ಕ ಇಂತಿದೆ: ಬಡವರೇ ಹೆಚ್ಚಾಗಿದ್ದ ಇನ್ನೊಂದು ಶ್ಮಶಾನದ 25 ಮಂದಿಯಲ್ಲಿ 8 ಜನರಿಗೆ ಹುಳು, ಮಠದ 19 ಸನ್ಯಾಸಿಗಳಲ್ಲಿ 11 ಜನರಿಗೆ! ಶೇಕಡಾ 32 ಎಲ್ಲಿ, 58 ಎಲ್ಲಿ?

ತಪ್ಪು ಪಾಯಖಾನೆಯದಲ್ಲ, ತೋಟದ್ದಿರಬೇಕು ಎಂಬುದು ಸಂಶೋಧಕರ ಊಹೆ. ಮಠದ ಕಾಯಿಪಲ್ಲೆಯ ಮಡಿಗಳಿಗೆ ಸನ್ಯಾಸಿಗಳು ತಮ್ಮದೇ ಮಲವನ್ನು ಗೊಬ್ಬರವಾಗಿ ಹಾಕಿದ್ದಿರಬಹುದು, ಇಲ್ಲವೇ ಮನುಷ್ಯರ, ಹಂದಿಗಳ ಮಲ ಬೆರೆತ ಗೊಬ್ಬರವನ್ನು ಹೊರಗಿನಿಂದ ಕೊಂಡು ತಂದಿದ್ದಿರಬಹುದು. ಮುಂದಿನ ಬಾಗಿಲಿನಿಂದ ಹೊರಗೆ ಹೋದದ್ದು ಸೊಪ್ಪಿನ ಬುಟ್ಟಿಯಲ್ಲಿ ಹಿತ್ತಿಲಿನಿಂದ ಒಳಗೆ ಬಂದಂತಾಯಿತು. ಮಡಿ ಎಷ್ಟೇ ಮಾಡಿದರೂ ಹಿತ್ತಿಲು ನೋಡದಿದ್ದರೆ ಏನಾಗುತ್ತದೆನ್ನುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಹುಳುವಿನ ಕಾಟ ಆಗಿನವರಿಗೆ ತಿಳಿಯದ್ದೇನಲ್ಲ. 1361ರಲ್ಲಿ ತೀರಿಕೊಂಡ ಜಾನ್ ಸ್ಟಾಕ್‌ಟನ್ ಎಂಬ ಕೇಂಬ್ರಿಜ್ ವೈದ್ಯ ಪೀಟರ್‌ಹೌಸ್ ಕಾಲೇಜಿಗೆ ಬಿಟ್ಟುಹೋದ ಹಸ್ತಪ್ರತಿಯಲ್ಲಿ ಜಂತುಗಳ ಬಗ್ಗೆಯೇ ಒಂದು ಭಾಗವಿದೆ. ಉಪ್ಪು ಕಫದಿಂದ ಉದ್ದನೆಯ ದುಂಡುಹುಳು, ಹುಳಿ ಕಫದಿಂದ ಗಿಡ್ಡ ದುಂಡುಹುಳು, ಸಿಹಿ ಕಫದಿಂದ ಗಿಡ್ಡನೆಯ ಚಪ್ಪಟೆ ಹುಳು ಹುಟ್ಟುತ್ತವೆಂದು ಅದು ಹೇಳುತ್ತದೆ. ಮದ್ದು ಮಾತ್ರ ನಮಗೆ ಪರಿಚಿತವೇ: ಲೋಳೆಸರ, ಮಾಚಿಪತ್ರೆಯ ಕುಲದ ಒಂದು ಕಹಿಗಿಡ. ಗಂಟಲಲ್ಲಿ ಇಳಿಯಲೆಂದು ಜೇನುತುಪ್ಪ. ಹರಳೆಣ್ಣೆ ಕುಡಿಸಿ ಬೆಲ್ಲದ ಚೂರು ಬಾಯಿಗಿಟ್ಟ ಕೈಗಳು ಎಲ್ಲ ದೇಶದಲ್ಲೂ ಇದ್ದವು ಎನ್ನಿ.

ಹೊಟ್ಟೆಯ ಕಥೆ ಹೀಗಾದರೆ ಕಾಲಿನದು ಇನ್ನೂ ಸ್ವಾರಸ್ಯ. ಹದಿನಾಲ್ಕನೆಯ ಶತಮಾನದಲ್ಲಿ ಯೂರೋಪಿನಲ್ಲಿ ಕೊಕ್ಕಿನಂತೆ ಚೂಪಾದ ಮೂತಿಯ ಪಾದರಕ್ಷೆಯ ಷೋಕಿ ಹಬ್ಬಿತು. ಅಂಥದನ್ನು ಮೆಟ್ಟಿದವರ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ವಾಲಿ, ಬುಡದಲ್ಲಿ ಗಂಟು ಕಟ್ಟುತ್ತದೆ. ಪಾದ್ರಿಗಳು ಚೂಪು ಮೆಟ್ಟು ಹಾಕಬಾರದೆಂದು ಚರ್ಚು 1215ರಷ್ಟು ಹಿಂದೆಯೇ ವಿಧಿಸಿತ್ತು; ಉಡುಪಿನ ಬಗ್ಗೆ 1281ರಲ್ಲಿ, 1342ರಲ್ಲಿ ಮತ್ತೆ ಕಟ್ಟಳೆ ಹೊರಡಿಸಬೇಕಾಯಿತು. ಒಮ್ಮೆ ಹೇಳಿದ್ದನ್ನು ಮೂರು ಸಲ ಹೇಳಬೇಕಾಗಿ ಬಂತೆಂದರೆ ಕೇಳಿದವರು ಎಷ್ಟು ಮಂದಿಯೋ! 2021ರ ಅಧ್ಯಯನದಲ್ಲಿ ಊರಾಚೆಯ ಹಳ್ಳಿಯ ಶ್ಮಶಾನದಲ್ಲಿ ಶೇಕಡಾ 3 ಜನರಿಗೆ ಈ ಗಂಟಿತ್ತು. ಮಠದ ನೆಲದಲ್ಲಿ ಮಲಗಿದವರಲ್ಲಿ ಶೇಕಡಾ 43. ಬಕ್ಕಲ್ಲಿನಿಂದ ಗುರುತು ಸಿಕ್ಕ 11 ಸನ್ಯಾಸಿಗಳಲ್ಲೇ ಐವರಿಗೆ! ಬಡತನದ ವ್ರತ ತೊಟ್ಟವರನ್ನು ನೋಡಿ ನಗುವ ಮುನ್ನ ಒಂದು ಮಾತು: ಕಾಲು ಹೀಗೆ ಕೆಟ್ಟವರು ಮುಗ್ಗರಿಸಿ ಬಿದ್ದು ಕೈ ಮುರಿದುಕೊಂಡ ಗುರುತುಗಳೂ ಹೆಚ್ಚಾಗಿ ಸಿಕ್ಕಿವೆ. ಷೋಕಿಗೆ ಅವರು ಬೆಲೆಯನ್ನೂ ತೆತ್ತಿದ್ದರು.

ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವುದು ಒಬ್ಬನ ಕಥೆ. ಅವನ ಹೆಸರು ಉಳಿದಿಲ್ಲ, ಬಕ್ಕಲ್ಲು ಉಳಿದಿದೆ. ಅವನ ಎರಡೂ ತೊಡೆಯ ಮೂಳೆಗಳು ನಡುವೆ ಪೂರ್ತಿ ಮುರಿದಿದ್ದವು. ಈ ಕಾಲದಲ್ಲಾದರೆ ಕಾರು ಬಡಿದವರಲ್ಲಿ ಕಾಣುವ ಬಗೆಯ ಪೆಟ್ಟು ಅದು. ಅಂದು ಕಾರೆಲ್ಲಿ ಬಂತು? ಕುದುರೆ ಬೆದರಿ ಗಾಡಿ ಅವನ ಮೇಲೆ ನುಗ್ಗಿರಬೇಕೆಂದು ಪರೀಕ್ಷಿಸಿದವರು ಭಾವಿಸುತ್ತಾರೆ, ಅದರಿಂದಲೇ ಸತ್ತಿರಬಹುದು. ಪೇಟೆಯಲ್ಲಿ ಬದುಕುವ ಸನ್ಯಾಸಿಗೆ ಪೇಟೆಯ ಸಾವೇ ಬಂತು. ಮುರಿದುಬಿದ್ದವನನ್ನು ಯಾರೋ ಎತ್ತಿ ಮಠಕ್ಕೆ ತಂದಿದ್ದಾರೆ, ನಿಲುವಂಗಿ ತೊಡಿಸಿದ್ದಾರೆ, ನಡುಪಟ್ಟಿ ಬಿಗಿದು ಬಕ್ಕಲ್ಲು ಹಾಕಿದ್ದಾರೆ.

ಈಗ ಅಲ್ಲಿಗೆ ಹೋದವರಿಗೆ ಮಠದ ಗೋಡೆಗಳೇನೂ ಕಾಣುವುದಿಲ್ಲ. ಓಣಿಗೆ ಹೆಸರು ಕೊಟ್ಟ ಹಳೆಯ ಉಚಿತ ಶಾಲೆಯ ಸಭಾಂಗಣದಲ್ಲಿ ವಿಜ್ಞಾನ ಚರಿತ್ರೆಯ ವಿಪಲ್ ವಸ್ತುಸಂಗ್ರಹಾಲಯವಿದೆ. ಅದೇ ಆವರಣದ ಇನ್ನೊಂದು ಮಗ್ಗುಲಲ್ಲಿ ಪ್ರಾಣಿಶಾಸ್ತ್ರದ ಸಂಗ್ರಹಾಲಯ. ಅಲ್ಲಿ ಗಾಜಿನ ಹಜಾರದೊಳಗೆ ದೈತ್ಯ ತಿಮಿಂಗಿಲವೊಂದರ ಅಸ್ಥಿಪಂಜರವನ್ನು ತೂಗುಹಾಕಿದ್ದಾರೆ. ಬಂದವರೆಲ್ಲ ತಲೆಯೆತ್ತಿ ಅದನ್ನು ನೋಡುತ್ತಾ ನಿಲ್ಲುತ್ತಾರೆ.